ಇದ್ದಿಲ ಗೀಟು

ಹೊಳೆ ನಡುವಿನ ಮಂಟಪ ಮುಳುಗಿತೆಂದರೆ
ನಮ್ಮ ಶಿವಮೊಗ್ಗದಲ್ಲಿ ಎರಡು ಕೆಲಸ.
ಊರವರು ಹಳೇ ಸೇತುವೆ ಮೇಲೆ ನಿಂತು ಫೋಟೊ ತೆಗೆಯುತ್ತಾರೆ.
ಬಾಲರಾಜ ಅರಸ್ ರಸ್ತೆಯ ಕಚೇರಿಯಲ್ಲಿ
ಟೆಂಡರು ಮುಳುಗುತ್ತದೆ.

ತುರ್ತು, ನಾಲ್ಕು-ಜಿ ವಿನಾಯಿತಿ:
ಇಷ್ಟು ಬರೆದರೆ ಸಾಕು ಮೇಲ್ಮೂಲೆಯಲ್ಲಿ.
ಮೂರು ದರಪಟ್ಟಿ ಕೇಳುವವರಿಲ್ಲ,
ಕೇಳಬಾರದು ಕೂಡ.
ಸೊಂಟಮಟ್ಟದ ನೀರಲ್ಲಿ ಕೂಸೆತ್ತಿಕೊಂಡು ನಿಂತವಳಿಗೆ
ತಾಳು, ಪ್ರಕಟಣೆ ಆಗಲಿ ಅಂತ
ಯಾವ ಬಾಯಲ್ಲಿ ಹೇಳುವುದು?
ಮೂವತ್ತೊಂದು ವರ್ಷ ಲೆಕ್ಕ ತಪಾಸಣೆ ಮಾಡಿದವನು,
ಒಪ್ಪುತ್ತೇನೆ. ಬಾಗಿಲು ತೆಗೆಯಲೇಬೇಕು.
ತೆಗೆದ ಬಾಗಿಲಲ್ಲಿ ಯಾರಾದರೂ ಕೂತಿರಬೇಕು, ಅಷ್ಟೆ.

ಕುಂಬಾರಗುಂಡಿಯವರನ್ನು ಕೂಡಿಸಿದ್ದ ಶಾಲೆ.
ಗಂಜಿ ಕೇಂದ್ರ, ಹನ್ನೊಂದು ದಿನ.
ನಾನು ಹೋದದ್ದು ಫೆಬ್ರುವರಿಯಲ್ಲಿ,
ಹೊಳೆ ಮೊಣಕಾಲಿಗಿಳಿದು
ಮಂಟಪದ ಮೇಲೆ ಹುಡುಗರು ಅಂಗಿ ಒಣಗಿಸುತ್ತಿದ್ದಾಗ.
ಕಡತ ಚೊಕ್ಕವಾಗಿತ್ತು. ಅದೇ ಮೊದಲ ಅನುಮಾನ.
ನೆರೆಯಲ್ಲಿ ಬರೆದ ಕಾಗದ ಇಷ್ಟು ಒಣಗಿರುವುದಿಲ್ಲ.
ಹೊತ್ತಿಗೆ ನಾನೂರ ಹನ್ನೆರಡು ಊಟ.
ಸೋಮವಾರ ನಾನೂರ ಹನ್ನೆರಡು,
ಅರ್ಧ ಜನ ಮನೆಗೆ ಮರಳಿದ ಭಾನುವಾರವೂ
ನಾನೂರ ಹನ್ನೆರಡು.
ಚಾಪೆ, ಟಾರ್ಪಾಲು, ಬ್ಲೀಚಿಂಗ್ ಪುಡಿ,
ಕೊನೆಗೆ, ಅಡುಗೆಕೋಣೆಗೆ ಸುಣ್ಣಬಣ್ಣ:
ಹದಿನೆಂಟು ಸಾವಿರದ ಆರುನೂರು. ಪಾವತಿಯಾಗಿದೆ.

ಅಡುಗೆಯ ದ್ಯಾವಮ್ಮ ಚಹಾ ತಂದಳು.
ಎಷ್ಟು ಜನ ಉಂಡರಮ್ಮ ಆಗ?
"ನಂಗೆ ಬರಿಯಾಕ್ ಬರಲ್ಲ ಸಾರ್," ಅಂದಳು.
"ಗೀಟು ಹಾಕಿದೀನಿ."

ಒಲೆಯ ಹಿಂದಿನ ಗೋಡೆ.
ನೆಲದಿಂದ ಎದೆಮಟ್ಟಕ್ಕೆ ಇದ್ದಿಲ ಗೀಟು.
ಐದಕ್ಕೊಂದು ಅಡ್ಡಗೆರೆ, ಹೊತ್ತಿಗೊಂದು ಸಾಲು,
ಮಕ್ಕಳಿಗೆ ಗಿಡ್ಡ ಗೀಟು.
ಎರಡನೇ ಸಲ ಬಡಿಸಿಕೊಂಡವರಿಗೆ ಇಲ್ಲ.
"ಹೊಟ್ಟೆ ಒಂದೇ ಅಲ್ವಾ?"
ಒಂದೆಡೆ ಒಂದು ಗೀಟಿಗೆ ಸುತ್ತು ಹಾಕಿದ್ದಳು.
"ಅದು ಖಾಸಿಂ ಸಾಬ್ರ ತಾಯಿ. ಬಡಿಸಿದ್ದೆ, ಉಣ್ಣಲಿಲ್ಲ.
ಏನ್ ಮಾಡ್ಲಿ, ಸುತ್ತು ಹಾಕ್ದೆ."

ಕನ್ನಡಕ ಒರೆಸಿ ಎಣಿಸಿದೆ, ಎರಡು ಸಲ.
ಹೆಚ್ಚೆಂದರೆ ನೂರ ಮೂವತ್ತೇಳು.
ಹತ್ತನೆಯ ದಿನ ಇಪ್ಪತ್ತಾರು.
ಹನ್ನೊಂದನೆಯ ದಿನಕ್ಕೆ ಬರೀ ಗೋಡೆ.

ಆಮೇಲೆ ಹೊಳೆಯಿತು, ನಿಂತಲ್ಲೇ ನಕ್ಕೆ.
ಸುಣ್ಣದ ದುಡ್ಡು ತಿಂದವನು
ಸುಣ್ಣ ಬಳಿಸಿದ್ದರೆ
ಆ ನೂರ ಮೂವತ್ತೇಳೂ ಬೆಳ್ಳಗಾಗಿ ಹೋಗುತ್ತಿತ್ತು.
ಅವನ ಒಂದು ಕಳವು
ಇನ್ನೊಂದನ್ನು ಹಿಡಿದುಕೊಡಲು ಕಾದಿತ್ತು
ಒಲೆಯ ಹಿಂದೆ, ಮಸಿ ಮೆತ್ತಿಕೊಂಡು.

ಆದರೆ ಗೋಡೆಯನ್ನು ಕಡತಕ್ಕೆ ಹೇಗೆ ಹೊಲಿಯುವುದು?
ಫೋಟೊ ತೆಗೆಸಿ ಅನುಬಂಧ ಏಳು ಎಂದು ಕೊಟ್ಟೆ.
ಮೇಲಿನವರು ಕೇಳಿದರು, ಸಹಿ ಎಲ್ಲಿ?
ಮತ್ತೆ ಹೋಗಿ ಅವಳ ಹೆಬ್ಬೆಟ್ಟು ಒತ್ತಿಸಿದೆ.
ಶಾಯಿಪ್ಯಾಡು ಒಣಗಿತ್ತು. ಒಲೆಯ ಮಸಿಯಲ್ಲೇ.

ಪ್ರಕರಣ ಏನಾಯಿತೆಂದು ಕೇಳಬೇಡಿ.
'ವಸೂಲಿ ಬಾಕಿ' ಕಲಮಿನಲ್ಲಿ ಮಲಗಿದೆ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು
ಎಂಬ ಗಾದೆ ದುಡ್ಡಿಗೂ ಗೊತ್ತು.

ಎರಡು ವರ್ಷಕ್ಕೆ ಮತ್ತೆ ಮಂಟಪ ಮುಳುಗಿತು.
ನಾನಾಗ ನಿವೃತ್ತ. ಕೊಡೆ ಹಿಡಿದು ಹೋದೆ, ಸುಮ್ಮನೆ.
ಅದೇ ಶಾಲೆ. ಗೇಟಿನ ಬಳಿ, ರಸ್ತೆಗೆ ಮುಖಮಾಡಿ,
ಮೂರನೇ ತರಗತಿಯ ಕಪ್ಪುಹಲಗೆ.
ಸೀಮೆಸುಣ್ಣದ ಗೀಟುಗಳು,
ಕೆಳಗೆ ಯಾವುದೋ ಮಗುವಿನ ಕೈಬರಹ:
ರಾತ್ರಿ ಊಟ ೯೬. ಬಂದ ಅಕ್ಕಿ ೨ ಮೂಟೆ.
ಟಾರ್ಪಾಲು ಇನ್ನೂ ಬಂದಿಲ್ಲ.

ಉಂಡು ಬಂದವರು ಓದುತ್ತಿದ್ದರು.
ಒಬ್ಬ ಹುಡುಗ ತನ್ನ ಗೀಟು ಯಾವುದೆಂದು ಹುಡುಕುತ್ತಿದ್ದ.
ಟಾರ್ಪಾಲಿನ ಲಾರಿಯವನು ಇಳಿದು ಬಂದು
ಅವರ ಹಿಂದೆ ನಿಂತು ಓದಿದ,
ಜೇಬಿನಿಂದ ಚೀಟಿ ತೆಗೆದ,
ನನ್ನ ಹತ್ತಿರ ಪೆನ್ನು ಕೇಳಿ
ಏನನ್ನೋ ತಿದ್ದಿದ.

ಇರಚಲು ಹಲಗೆಗೆ ಬಡಿಯತೊಡಗಿತ್ತು.
ಒಳಗಿಂದ ದ್ಯಾವಮ್ಮ ಸೌಟು ಹಿಡಿದೇ ಓಡಿಬಂದಳು.
ನನ್ನ ಗುರುತು ಸಿಕ್ಕಿತೋ ಇಲ್ಲವೋ,
"ಕೊಡೆ ಇತ್ಲಾಗ್ ಹಿಡೀರಿ ಸಾರ್," ಅಂದಳು,
"ಅಳಿಸಿ ಹೋಯ್ತದೆ."

ಹಿಡಿದೆ.